ಬಿಸಿಲಿಗೂ ಕೊನೆಯ ಬಸ್ಸಿಗೂ ನಡುವೆ ಎರಡು ದಿನದ ಕಾಲೇಜು ಉತ್ಸವ

ಬಳ್ಳಾರಿಯಲ್ಲಿ ಶನಿವಾರ-ಭಾನುವಾರದ ಉತ್ಸವಕ್ಕೆ ವೇಳಾಪಟ್ಟಿ ಬರೆಯಲು ಕೂತಾಗ ನಾವು ಹಾಳೆಯ ಮೇಲೆ ಮೊದಲು ಎರಡು ಗೆರೆ ಎಳೆಯುತ್ತೇವೆ. ಒಂದು, ಹನ್ನೊಂದರಿಂದ ನಾಲ್ಕರವರೆಗಿನ ಬಿಸಿಲು. ಇನ್ನೊಂದು, ಸಿರುಗುಪ್ಪ, ಸಂಡೂರು, ಕುರುಗೋಡು, ಕಂಪ್ಲಿ ಕಡೆಗೆ ಹೊರಡುವ ಕೊನೆಯ ಬಸ್ಸು. ಸ್ಪರ್ಧೆಗಳೆಲ್ಲ ಈ ಎರಡು ಗೆರೆಗಳಿಗೆ ಹೊಂದಬೇಕು. ಹೊಂದದಿದ್ದರೆ ಸ್ಪರ್ಧೆ ಬಿಡುತ್ತೇವೆ, ಗೆರೆ ಸರಿಸುವುದಿಲ್ಲ. ಕೊನೆಯ ಬಸ್ಸು ತಪ್ಪಿದ ಹಳ್ಳಿಯ ಹುಡುಗಿಯನ್ನು ಮರುವರ್ಷ ಮನೆಯವರು ಉತ್ಸವಕ್ಕೆ ಕಳಿಸುವುದಿಲ್ಲ.

ತಿಂಗಳು ಜನವರಿ ಕೊನೆ ಅಥವಾ ಫೆಬ್ರವರಿ ಮೊದಲರ್ಧ. ಮಾರ್ಚ್ ಬಂದರೆ ಮೈದಾನದ ಆಟ ಆಡಿಸುವ ಹಾಗಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಅಂಕಣವೇ ಉಳಿಯುವುದಿಲ್ಲ. ದಿನ ಗೊತ್ತುಮಾಡುವ ಮುಂಚೆ ಕೊಪ್ಪಳದ ಗವಿಮಠದ ಜಾತ್ರೆ, ಹಂಪಿ ಉತ್ಸವ, ವಿಶ್ವವಿದ್ಯಾಲಯದ ಪರೀಕ್ಷೆ, ಮೂರನ್ನೂ ನೋಡಿಕೊಳ್ಳಬೇಕು. ಜಾತ್ರೆ ಬಿದ್ದ ವಾರ ಅರ್ಧ ಸ್ವಯಂಸೇವಕರು ಅಲ್ಲಿರುತ್ತಾರೆ, ಶಾಮಿಯಾನದವರೂ ಸಿಗುವುದಿಲ್ಲ.

ವೇದಿಕೆಯನ್ನು ನಾವು ಕಾಲೇಜು ಕಟ್ಟಡದ ಪೂರ್ವಕ್ಕೆ, ಗೋಡೆಗೆ ಬೆನ್ನುಹಾಕಿ ನಿಲ್ಲಿಸುತ್ತೇವೆ. ಈ ತಿಂಗಳುಗಳಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯ ನೈಋತ್ಯದಲ್ಲಿ ಕೆಳಗಿರುತ್ತಾನೆ. ಕಟ್ಟಡದ ನೆರಳು ಅದರ ಎತ್ತರದ ಒಂದೂವರೆ ಪಟ್ಟು ಈಶಾನ್ಯಕ್ಕೆ ಚಾಚುತ್ತದೆ. ವೇದಿಕೆಯೂ ಮುಂದಿನ ಸಾಲುಗಳೂ ಪುಕ್ಕಟೆ ನೆರಳಿಗೆ ಬರುತ್ತವೆ. ಅಳತೆ 32 ಅಡಿಗೆ 24, ಎತ್ತರ 4 ಅಡಿ. ಡೊಳ್ಳು ಕುಣಿತ ಇದ್ದರೆ ಶಾಮಿಯಾನದವರಿಗೆ ಮೊದಲೇ ಹೇಳಬೇಕು. ಹನ್ನೆರಡು ಜನ ಡೊಳ್ಳು ಹೊತ್ತು ಒಟ್ಟಿಗೆ ನೆಗೆದಾಗ ಹಲಗೆ ಸೀಳುವುದು ಕೂಡಿನ ಜಾಗದಲ್ಲಿ. ಅಲ್ಲಿ ಅಡಿಯಲ್ಲಿ ಹೆಚ್ಚಿನ ಆಸರೆ ಬೇಕು. ಬರಿಗಾಲಲ್ಲಿ ಕುಣಿಯುವವರಿದ್ದಾರೆ, ಜಮಖಾನೆ ಹಾಸುವ ಮುಂಚೆ ಎದ್ದ ಮೊಳೆಗಳನ್ನು ಕೈಯಾಡಿಸಿ ಹುಡುಕಿ ಬಡಿಯಬೇಕು.

ಸಮಯದ ಲೆಕ್ಕ ಕೆಡುವುದು ಹೆಚ್ಚಾಗಿ ಸಮೂಹ ನೃತ್ಯದಲ್ಲಿ. ಹದಿನೆಂಟು ತಂಡ, ತಂಡಕ್ಕೆ ಐದು ನಿಮಿಷ, ಒಂದೂವರೆ ತಾಸು ಎಂದು ಬರೆದುಬಿಡುತ್ತಾರೆ. ತಂಡ ಇಳಿದು ಇನ್ನೊಂದು ಹತ್ತಲು ಎರಡು ನಿಮಿಷ, ಪರಿಚಯಕ್ಕೆ ಒಂದು, ಸೇರಿ ತಂಡಕ್ಕೆ ಎಂಟು ನಿಮಿಷ. 18 ಎಂಟಲೆ 144, ಅಂದರೆ ಎರಡು ತಾಸು ಇಪ್ಪತ್ತನಾಲ್ಕು ನಿಮಿಷ. ಬಿಟ್ಟುಹೋದ ಆ ಸುಮಾರು ಒಂದು ತಾಸೇ ಬಸ್ಸು ತಪ್ಪಿಸುವುದು. ಆದ್ದರಿಂದ ಆಡುತ್ತಿರುವ ತಂಡದ ಹಿಂದೆ ಎರಡು ತಂಡ ಯಾವಾಗಲೂ ಬದಿಯಲ್ಲಿ ಸಿದ್ಧ ನಿಂತಿರಬೇಕು. ಹೊರ ಊರಿನ ತಂಡಗಳಿಗೆ ಮೊದಲ ಸರದಿ, ಊರಲ್ಲೇ ಇರುವವರಿಗೆ ಕೊನೆಯದು. ಚೀಟಿ ಎತ್ತುವುದಾದರೆ ಈ ಎರಡು ಗುಂಪಿನೊಳಗೆ ಬೇರೆಬೇರೆಯಾಗಿ. ಧ್ವನಿವರ್ಧಕವನ್ನು ರಾತ್ರಿ ಹತ್ತಕ್ಕೆ ನಿಲ್ಲಿಸಲೇಬೇಕೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ, ನಾವು ಅಲ್ಲಿಯವರೆಗೆ ಎಳೆಯುವುದೇ ಇಲ್ಲ. ಮೈಕಿನ ಅನುಮತಿಯನ್ನು ಮಾತ್ರ ಬರಹದಲ್ಲೇ ತೆಗೆದುಕೊಂಡಿರಬೇಕು.

ಹಾಡುಗಳನ್ನು ಹಿಂದಿನ ದಿನವೇ ಪಡೆದು, ಸರದಿ ಸಂಖ್ಯೆ ಮುಂದಿಟ್ಟು ಹೆಸರು ಬದಲಿಸಿ, ಒಂದೇ ಪೆನ್‌ಡ್ರೈವಿಗೆ ಹಾಕಿ, ಸೌಂಡ್‌ನವರ ಯಂತ್ರದಲ್ಲೇ ಒಂದೊಂದನ್ನೂ ಹತ್ತು ಸೆಕೆಂಡು ನುಡಿಸಿ ನೋಡುತ್ತೇವೆ. ಲ್ಯಾಪ್‌ಟಾಪ್‌ನಲ್ಲಿ ಓಡುವುದೆಲ್ಲ ಅವರ ಮಿಕ್ಸರ್‌ನಲ್ಲಿ ಓಡುವುದಿಲ್ಲ. ಎಂಪಿ3 ಕಡತ, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಇದ್ದರೆ ನಿಶ್ಚಿಂತೆ. ಫೋನಿಂದ ನುಡಿಸಲು ಬಿಡುವುದಿಲ್ಲ, ಹಾಡಿನ ನಡುವೆ ಕರೆ ಬಂತೆಂದರೆ ಆ ಮಕ್ಕಳ ತಿಂಗಳ ತಾಲೀಮು ಹೋಯಿತು.

ಕರೆಂಟು. ಧ್ವನಿಗೆ ಸುಮಾರು 6 ಕಿಲೋವ್ಯಾಟ್, 150 ವ್ಯಾಟಿನ ಹದಿನಾರು ದೀಪಕ್ಕೆ 2.4, ಫ್ಯಾನು ಮತ್ತಿತರ ಸೇರಿ 10ರ ಆಸುಪಾಸು. 25 ಕೆವಿಎ ಜನರೇಟರ್ ಸುಮಾರು 20 ಕಿಲೋವ್ಯಾಟ್ ಕೊಡುತ್ತದೆ, ಅಷ್ಟು ಸಾಕು. ದೀಪಕ್ಕೆ ಜನರೇಟರಿನ ಒಂದು ಫೇಸ್, ಅಂದರೆ ಒಂದು ವಿದ್ಯುತ್ ಸಾಲು, ಧ್ವನಿಗೆ ಇನ್ನೊಂದು. ಚಹಾದ ಬಾಯ್ಲರನ್ನು ಧ್ವನಿಯ ಫೇಸಿಗೆ ಯಾರೂ ಚುಚ್ಚದಂತೆ ಕಾವಲಿರಬೇಕು. ನಮ್ಮ ಕಡೆ ನೆಲ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ, ಮೈಕ್ ಮುಟ್ಟಿದರೆ ಜುಮ್ಮೆನ್ನುವುದಕ್ಕೆ ಅದೂ ಒಂದು ಕಾರಣ. ಅರ್ಥಿಂಗ್ ಸಲಾಕೆಯ ಸುತ್ತ ಗುಂಡಿಮಾಡಿ ಬೆಳಿಗ್ಗೆ, ಮಧ್ಯಾಹ್ನ ಎರಡೆರಡು ಕೊಡ ನೀರು ಹಾಕಿಸುತ್ತೇವೆ. ಜುಮ್ಮೆನ್ನುವ ಮೈಕನ್ನು ಒಂದು ಕ್ಷಣವೂ ಬಳಸಬಾರದು.

ಕಬಡ್ಡಿ ಗಂಡುಮಕ್ಕಳ ಅಂಕಣ 13 ಮೀಟರಿಗೆ 10, ಹೆಣ್ಣುಮಕ್ಕಳದು 12ಕ್ಕೆ 8. ಹಿಂದಿನ ಸಂಜೆ ಅಗೆದು, ಕಲ್ಲು ಆರಿಸಿ, ನೀರು ಚಿಮುಕಿಸಿ ಬಿಡಬೇಕು. ಗೆರೆಗೆ ಸೀಮೆಸುಣ್ಣದ ಪುಡಿಯನ್ನೇ ಹಾಕಿ. ಗೋಡೆಗೆ ಬಳಿಯುವ ಸುಣ್ಣ ಬೆವರಿದ ಮೈ ಸುಡುತ್ತದೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ. ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ ಹನ್ನೊಂದು ತಂಡ ಬಂದರೆ, 4, 8, 16 ಎಂದು ಇಮ್ಮಡಿಸುವ ಸಂಖ್ಯೆಗಳಲ್ಲಿ ಮುಂದಿನದಾದ 16ರಲ್ಲಿ 11 ಕಳೆದು ಐದು ತಂಡಕ್ಕೆ ಬೈ, ಅಂದರೆ ಮೊದಲ ಸುತ್ತು ಆಡದೆ ನೇರ ಎರಡನೆಯದಕ್ಕೆ. ಪಂದ್ಯ ಎಷ್ಟೇ ಆದರೂ ತಂಡಕ್ಕಿಂತ ಒಂದು ಕಡಿಮೆ, ಹತ್ತು. ಹತ್ತು ನಿಮಿಷದ ಎರಡು ಅವಧಿ ಆಡಿಸಿದರೆ ಪಂದ್ಯಕ್ಕೆ ಅರ್ಧ ತಾಸು. ಬೆಳಿಗ್ಗೆ ಏಳರಿಂದ ಹನ್ನೊಂದಕ್ಕೆ ಎಂಟು ಮುಗಿಯುತ್ತವೆ. ಸೆಮಿಫೈನಲ್‌ನ ಎರಡನೆಯದು ಮತ್ತು ಫೈನಲ್ ಸಂಜೆ ತಂಪಿಗೆ.

ಬಿಸಿಲಿನ ಹೊತ್ತಿಗೆ ಒಳಗಿನ ಸ್ಪರ್ಧೆಗಳು: ರಸಪ್ರಶ್ನೆ, ಚರ್ಚೆ, ರಂಗೋಲಿ. ರಂಗೋಲಿಗೆ ಪಡಸಾಲೆಯಲ್ಲಿ ನಾಲ್ಕಡಿ ಚೌಕ, ಎರಡು ತಾಸು, ಫ್ಯಾನು ಬಂದ್. ಜೀನ್ಸ್ ಹೊಲಿಯುವ ಊರು ನಮ್ಮದು, ಹಾಗಾಗಿ ಕಸದಿಂದ ರಸ ಸ್ಪರ್ಧೆಗೆ ಡೆನಿಮ್ ಚಿಂದಿಯನ್ನೇ ಕೊಡುತ್ತೇವೆ. ದಪ್ಪ ಬಟ್ಟೆಗೆ ದೊಡ್ಡ ಕತ್ತರಿ ಬೇಕು, ಸಾದಾ ಕತ್ತರಿ ಜಾರಿ ಬೆರಳು ಕೊಯ್ಯುತ್ತದೆ. ಹಾಡಿನ ಸ್ಪರ್ಧೆಯಲ್ಲಿ ತೆಲುಗು, ಉರ್ದು, ಲಂಬಾಣಿಗೆ ಅವಕಾಶವಿರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವು ಇಲ್ಲಿನ ಮಕ್ಕಳ ಮನೆಮಾತು.

ಊಟಕ್ಕಿಂತ ಬೆಳಗಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮುಖ್ಯ. ತಟ್ಟೆಗೆ 70 ಗ್ರಾಂ ಮಂಡಕ್ಕಿ ಹಿಡಿದರೆ ಮುನ್ನೂರು ಜನಕ್ಕೆ 21 ಕೆಜಿ. ಎಲ್ಲವನ್ನೂ ಒಮ್ಮೆಗೇ ನೆನೆಸಿದರೆ ಮುದ್ದೆಯಾಗುತ್ತದೆ, ಐದೈದು ಕೆಜಿ ನೆನೆಸಿ ಹಿಂಡಿ ಕಲಸಬೇಕು. ನೀರು ತಲೆಗೆ ಮೂರು ಲೀಟರ್, ಐನೂರು ಜನಕ್ಕೆ ಇಪ್ಪತ್ತು ಲೀಟರಿನ 75 ಕ್ಯಾನು.

ತೀರ್ಪುಗಾರರ ಅಂಕ ನೇರ ಕೂಡಿಸಬೇಡಿ. ಇಬ್ಬರು 70ರಿಂದ 80ರೊಳಗೆ ಕೊಡುತ್ತಾರೆ, ಮೂರನೆಯವರು 40ರಿಂದ 90ರವರೆಗೆ ಹರಡುತ್ತಾರೆ. ಕೂಡಿಸಿದರೆ ಆ ಒಬ್ಬರ ತೀರ್ಪೇ ಗೆಲ್ಲುತ್ತದೆ. ಪ್ರತಿಯೊಬ್ಬರ ಪಟ್ಟಿಯಲ್ಲೂ ತಂಡಗಳಿಗೆ ಒಂದು, ಎರಡು, ಮೂರು ಎಂದು ಸ್ಥಾನ ಹಾಕಿ, ಸ್ಥಾನಗಳನ್ನು ಕೂಡಿಸಿ, ಕಡಿಮೆ ಬಂದವರಿಗೆ ಮೊದಲ ಬಹುಮಾನ. ಸಮ ಬಂದರೆ ತಾಳದ ಅಂಕ ನೋಡುವುದೆಂದು ಸ್ಪರ್ಧೆಗೆ ಮುಂಚೆಯೇ ಮೈಕಿನಲ್ಲಿ ಹೇಳಿರಬೇಕು.

ಶನಿವಾರದ ಬಹುಮಾನ ಶನಿವಾರವೇ ಕೊಟ್ಟುಬಿಡುತ್ತೇವೆ. ಪ್ರಮಾಣಪತ್ರಕ್ಕೆ ಸಹಿ ಮುಂಚೆಯೇ ಹಾಕಿಸಿಟ್ಟು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ನೋಂದಣಿಯಲ್ಲಿ ಬರೆಸಿಕೊಂಡಿದ್ದರೆ, ಫಲಿತಾಂಶ ಬಂದ ಹತ್ತು ನಿಮಿಷದಲ್ಲಿ ಹೆಸರು ತುಂಬಿ ಕೈಗಿಡಬಹುದು.