ನೇಪಾಳಕ್ಕೆ ವೀಸಾ ಬೇಡ, ಆದರೆ ವೋಟರ್ ಕಾರ್ಡ್ ಹುಡುಕಿಟ್ಟುಕೊಳ್ಳಿ

ಹೋದ ವರ್ಷ ಡೊಂಬಿವಲಿಯಿಂದ ನಾವು ಐದು ಜನ ಪಶುಪತಿನಾಥನ ದರ್ಶನಕ್ಕೆ ಹೊರಟೆವು. ವಿಮಾನ ಹತ್ತಿದ್ದು ನಾಲ್ಕೇ ಜನ. ನನ್ನ ನಾದಿನಿ ಆಧಾರ್ ಕಾರ್ಡ್ ಮಾತ್ರ ತಂದಿದ್ದಳು. ಕೌಂಟರಿನಲ್ಲಿ ಇದು ನಡೆಯುವುದಿಲ್ಲ ಅಂದುಬಿಟ್ಟರು. ಬೆಳಗಿನ ಜಾವ ಅವಳೊಬ್ಬಳೇ ಟ್ಯಾಕ್ಸಿ ಹಿಡಿದು ಮನೆಗೆ ವಾಪಸ್ ಹೋದಳು. ಆ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಬೇರೆ ಯಾರಿಗೂ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮಗೆ ನೇಪಾಳಕ್ಕೆ ವೀಸಾ ಬೇಡ. ಎರಡು ದೇಶಗಳ ನಡುವೆ 1950ರಲ್ಲೇ ಒಪ್ಪಂದ ಆಗಿದೆ. ಆದರೆ ವಿಮಾನದಲ್ಲಿ ಹೋಗುವವರ ಕೈಯಲ್ಲಿ ಎರಡರಲ್ಲಿ ಒಂದು ಇರಲೇಬೇಕು: ಅವಧಿ ಮುಗಿಯದ ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗದ ವೋಟರ್ ಕಾರ್ಡ್. ಜೆರಾಕ್ಸ್ ಬೇಡ, ಅಸಲಿ ಕಾರ್ಡೇ ಇಟ್ಟುಕೊಳ್ಳಿ. ಬರುವಾಗಲೂ ಅದನ್ನೇ ತೋರಿಸಬೇಕು.

65 ದಾಟಿದವರಿಗೂ 15ರ ಒಳಗಿನ ಮಕ್ಕಳಿಗೂ ವಿನಾಯಿತಿ ಇದೆ. ಫೋಟೋ ಮತ್ತು ವಯಸ್ಸು ಇರುವ ಆಧಾರ್, ಪ್ಯಾನ್, ರೇಷನ್ ಕಾರ್ಡ್ ಇಂಥದ್ದು ಸಾಕು. ನಮ್ಮ ಅತ್ತೆಗೆ 71. ಅವರು ಆಧಾರ್ ತೋರಿಸಿಯೇ ಹೋಗಿ ಬಂದರು. ಹೊರಡುವಾಗ ಅವರು ಆಧಾರ್ ಮಾತ್ರ ಇಟ್ಟುಕೊಂಡದ್ದನ್ನು ನೋಡಿಯೇ ನಾದಿನಿ ತನಗೂ ಅದು ಸಾಕು ಅಂದುಕೊಂಡದ್ದು. 15ರಿಂದ 18ರೊಳಗಿನವರಿಗೆ ಶಾಲೆಯ ಪ್ರಿನ್ಸಿಪಾಲರಿಂದ ಗುರುತಿನ ಪತ್ರ ಬೇಕು, ಅದಕ್ಕೆ ಗೊತ್ತುಪಡಿಸಿದ ನಮೂನೆ ಇದೆ. ಮಗನಿಗೆ 16. ರಜೆಯಲ್ಲಿ ಪ್ರಿನ್ಸಿಪಾಲರು ಸಿಗುವುದು ಕಷ್ಟ ಅಲ್ವಾ, ಪರೀಕ್ಷೆ ಮುಗಿಯುವ ಮೊದಲೇ ಬರೆಸಿಟ್ಟುಕೊಂಡೆ.

ಗಂಡ, ಹೆಂಡತಿ, ಚಿಕ್ಕ ಮಕ್ಕಳು, ತಂದೆತಾಯಿ ಒಟ್ಟಿಗೆ ಹೋದರೆ, ದೊಡ್ಡವರಲ್ಲಿ ಒಬ್ಬರ ಬಳಿ ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್ ಇದ್ದು, ಉಳಿದವರು ಫೋಟೋ ಗುರುತು ಮತ್ತು ಸಂಬಂಧದ ದಾಖಲೆ ತೋರಿಸಿದರೂ ಆಗುತ್ತದೆ. ನಾದಿನಿ, ಮೈದುನ ಇದರಲ್ಲಿ ಬರುವುದಿಲ್ಲ. ನನ್ನ ಕೇಳಿದರೆ, ಇದನ್ನು ನಂಬಿಕೊಂಡು ಹೊರಡಲೇಬೇಡಿ. ಪ್ರತಿಯೊಬ್ಬರಿಗೂ ಅವರವರ ಕಾರ್ಡ್ ಇರಲಿ.

ಮುಂಬೈ ಕನ್ನಡಿಗರಿಗೆ ಇನ್ನೊಂದು ತೊಡಕಿದೆ, ಅದೇ ಹೆಸರು. ಊರಿನ ಕಾರ್ಡಿನಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್. ಇಲ್ಲಿನ ಕಾರ್ಡಿನಲ್ಲಿ ಹೆಸರು, ನಡುವೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ಮದುವೆಯಾಗಿ ಬಂದ ಹೆಂಗಸರ ಹೆಸರಂತೂ ಒಂದೊಂದು ಕಡೆ ಒಂದೊಂದು ಥರ. ಟಿಕೆಟ್ ಬುಕ್ ಮಾಡುವಾಗ ಕಾರ್ಡ್ ಎದುರಿಗಿಟ್ಟುಕೊಂಡು, ಅದರಲ್ಲಿದ್ದ ಹಾಗೇ ಅಕ್ಷರ ಅಕ್ಷರ ತುಂಬಿ. ಕಾರ್ಡ್ ಕಳೆದಿದ್ದರೆ, ಹೆಸರು ತಪ್ಪಿದ್ದರೆ, ಊರಿನಿಂದ ಇಲ್ಲಿಗೆ ವಿಳಾಸ ಬದಲಾಗಿದ್ದರೆ ಮೂರಕ್ಕೂ ಫಾರ್ಮ್ 8. ಆನ್‌ಲೈನಿನಲ್ಲೇ ತುಂಬಬಹುದು. ಕಾರ್ಡ್ ಕೈಗೆ ಬಂದ ಮೇಲೆಯೇ ಟಿಕೆಟ್ ತೆಗೆಯಿರಿ. ನಾದಿನಿ ಈಗ ಹಾಗೇ ಮಾಡಿದ್ದಾಳೆ.

ವಿಮಾನ ದುಬಾರಿ ಅನಿಸಿದರೆ ಕುರ್ಲಾ ಟರ್ಮಿನಸ್ಸಿನಿಂದ ಕುಶಿನಗರ್ ಎಕ್ಸ್‌ಪ್ರೆಸ್ ಹಿಡಿದು ಗೋರಖ್‌ಪುರ, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ. ಅಲ್ಲಿ ನಡೆದೇ ದಾಟಬಹುದು. ಆಗಲೂ ವೋಟರ್ ಕಾರ್ಡ್ ಜೇಬಿನಲ್ಲಿರಲಿ. ಸ್ವಂತ ಗಾಡಿಯಾದರೆ ಗಡಿಯ ಕಸ್ಟಮ್ಸ್‌ನಲ್ಲಿ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಿ ಚೀಟಿ ಪಡೆಯಬೇಕು. ಅದಕ್ಕೆ ಭನ್ಸಾರ್ ಅನ್ನುತ್ತಾರೆ.

ದುಡ್ಡು 100ರ ನೋಟಿನಲ್ಲೇ ಒಯ್ಯಿರಿ, ತಕರಾರೇ ಬರುವುದಿಲ್ಲ. ನಮ್ಮ 100ಕ್ಕೆ ಅವರ 160, ಈ ದರ ಹಲವು ವರ್ಷಗಳಿಂದ ಹಾಗೇ ಇದೆ. ಅಂಗಡಿಯಲ್ಲಿ ಬೆಲೆ ಕೇಳಿದಾಗ ಐಸಿಯೋ ಎನ್‌ಸಿಯೋ ಅಂತ ವಿಚಾರಿಸಿ. ಐಸಿ ಅಂದರೆ ನಮ್ಮ ರೂಪಾಯಿ. ಗಡಿಯಾರ 15 ನಿಮಿಷ ಮುಂದಿಡಿ. ವಾಪಸ್ ವಿಮಾನದ ಹೊತ್ತು ನೇಪಾಳದ ಲೆಕ್ಕದಲ್ಲಿರುತ್ತದೆ.

ಕಠ್ಮಂಡುವಿನಲ್ಲಿ ಇಳಿದ ಮೇಲೆ ವೀಸಾ ಸಾಲಿನಲ್ಲಿ ಸುಮ್ನೆ ನಿಲ್ಲಬೇಡಿ. ಅದು ಬೇರೆ ದೇಶದವರಿಗೆ. ದೇವಸ್ಥಾನದೊಳಗೆ ಚರ್ಮದ ಬೆಲ್ಟು, ಪರ್ಸು ಬಿಡುವುದಿಲ್ಲ. ಕಾರ್ಡುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿ ಗರ್ಭಗುಡಿಯ ಪೂಜೆ ಮಾಡುವವರು ನಮ್ಮ ಕರ್ನಾಟಕದ ಕಡೆಯ ಭಟ್ಟರು. ಆರತಿ ಹೊತ್ತಿಗೆ ಅತ್ತೆ ನಾದಿನಿಯ ಹೆಸರಿನಲ್ಲೂ ಒಂದು ಹೂವು ಕೊಟ್ಟರು. ಮುಂದಿನ ಸಲ ಅವಳೇ ಬರುತ್ತಾಳೆ, ಈ ಬಾರಿ ವೋಟರ್ ಕಾರ್ಡಿನೊಂದಿಗೆ.