ಬಿಸಿನೀರಿನಲ್ಲಿ ತಾಮ್ರದ ಕಾಳು: ನನ್ನ ಅನುಭವ

ಕರಗಿದ ತಾಮ್ರವನ್ನು ಬಿಸಿನೀರಿಗೆ ಬಿಟ್ಟು ದುಂಡನೆಯ ಕಾಳು ತೆಗೆಯುತ್ತೇನೆಂದಾಗ, ಎರಕದ ಕೆಲಸದಲ್ಲಿ ನನಗಿಂತ ಹಿರಿಯರಾದ ಇಬ್ಬರು ಅದು ಆಗದ ಮಾತೆಂದರು. ನೀರು ಮೊದಲೇ ಬಿಸಿಯಾಗಿದ್ದರೆ ಬೇಗ ಹಬೆಯಾಗಿ ಸಿಡಿಯುತ್ತದೆ ಎಂಬುದು ಅವರ ವಾದವಾಗಿತ್ತು. ಈವರೆಗೆ ನಲವತ್ತು ಸಲವಾದರೂ ಸುರಿದಿದ್ದೇನೆ, ಹತ್ತರಲ್ಲಿ ಎಂಟು ಪಾಲು ಕಾಳು ನನಗೆ ಬೇಕಾದ ಜರಡಿಯಲ್ಲೇ ನಿಲ್ಲುತ್ತದೆ.

ಮೊದಲ ಏಳೆಂಟು ಸಲ ನಾನೂ ತಣ್ಣೀರನ್ನೇ ನಂಬಿದ್ದೆ. ಸಿಕ್ಕಿದ್ದು ಗರಿಯಂತೆ ಮುದುಡಿದ ಚೂರುಗಳು. ಅವುಗಳ ಮಡಿಕೆಗಳಲ್ಲಿ ನೀರು ಉಳಿದಿದ್ದು ತಿಳಿಯದೆ ಲೋಹ ಕರಗಿಸುವ ಪಾತ್ರೆಯಾದ ಮೂಸೆಗೆ ಹಾಕಿದ ದಿನ ಲೋಹ ಸಿಡಿದು ಕೈಗವಸು ಸುಟ್ಟಿತು. ನೀರನ್ನು 80 ಡಿಗ್ರಿಯ ಆಸುಪಾಸಿಗೆ ತಂದ ಮೇಲೆ ಹನಿಯ ಸುತ್ತ ಹಬೆಯ ಪೊರೆ ಗಟ್ಟಿಯಾಗಿ ನಿಂತು, ಹನಿ ದುಂಡಗೆ ಇರುವಾಗಲೇ ಹೆಪ್ಪುಗಟ್ಟತೊಡಗಿತು. ನೀರಿನ ಆಳ ಮಾತ್ರ ಎರಡೂವರೆ ಅಡಿಗೆ ಕಡಿಮೆಯಿರಬಾರದು. ಲೋಹ ತಳದಲ್ಲಿ ಮುದ್ದೆಯಾಗಿ ಕೂತು ತನ್ನ ಕೆಳಗೆ ನೀರನ್ನು ಹಿಡಿದಿಟ್ಟುಕೊಂಡರೆ ಆ ಹಿರಿಯರ ಭಯ ನಿಜವಾಗುತ್ತದೆ.

ಕಾಳು ದುಂಡಗಾಯಿತು, ಆದರೆ ತೂಕ ಬರಲಿಲ್ಲ. ಒಂದನ್ನು ಉಳಿಯಿಂದ ಸೀಳಿದಾಗ ನಡುವೆ ಎಳ್ಳಿನಷ್ಟು ಪೊಳ್ಳು ಇತ್ತು, ಅದರ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಮೇಲೆ ಮುಚ್ಚಿದ್ದ ಇದ್ದಿಲಿನ ತೇವದಿಂದ ಬಂದ ಹೈಡ್ರೋಜನ್ ತಾಮ್ರದಲ್ಲಿದ್ದ ಆಮ್ಲಜನಕದೊಂದಿಗೆ ಸೇರಿ ಒಳಗೇ ಹಬೆಯಾಗಿತ್ತು. ಈಗ ಇದ್ದಿಲನ್ನು ಕೆಂಪಗೆ ಕಾಯಿಸಿದ ಮೇಲೆಯೇ ಹಾಕುತ್ತೇನೆ, ಸುರಿಯುವ ಮುನ್ನ ಆಮ್ಲಜನಕವನ್ನು ಎಳೆದುಕೊಳ್ಳಲು ಫಾಸ್ಫರ್ ಕಾಪರ್, ಅಂದರೆ ರಂಜಕ ಸೇರಿದ ತಾಮ್ರ, ಬೆರೆಸುತ್ತೇನೆ. ಎಷ್ಟು, ಯಾವ ಗಳಿಗೆಯಲ್ಲಿ ಎಂಬುದು ನನ್ನಲ್ಲೇ ಇರಲಿ. ಹೆಚ್ಚಾದರೆ ವಿದ್ಯುತ್ ವಾಹಕತೆ ಕುಸಿಯುತ್ತದೆಂಬುದನ್ನು ಮಾತ್ರ ಹೇಳಬೇಕು, ತಂತಿಯ ಕೆಲಸಕ್ಕೆ ಆ ತಾಮ್ರ ಸಲ್ಲದು.

ಹಣ ಹೆಚ್ಚು ಕರಗಿದ್ದು ತಾಮ್ರದಲ್ಲಲ್ಲ, ಮೂಸೆಗಳಲ್ಲಿ. ತಳದಲ್ಲಿ 3 ಮಿಲಿಮೀಟರ್ ರಂಧ್ರ ಕೊರೆದ ಗ್ರಾಫೈಟ್ ಮೂಸೆಗಳು ನಾಲ್ಕು ಬಿರುಕುಬಿಟ್ಟವು, ಒಂದೊಂದೂ ಒಂದು ತಿಂಗಳ ಉಳಿತಾಯವನ್ನು ನುಂಗಿತು. ತಣ್ಣಗಿನ ಮೂಸೆಗೆ ಕರಗಿದ ಲೋಹ ತುಂಬಿದ್ದೇ ತಪ್ಪು. ಮೂಸೆ ತಾನೂ ಕೆಂಪೇರಿದ ಬಳಿಕ ಒಂದೂ ಒಡೆದಿಲ್ಲ. ತಾಮ್ರ 1085 ಡಿಗ್ರಿಗೆ ಕರಗಿದರೂ 1200ರ ಹತ್ತಿರ ಇಲ್ಲದಿದ್ದರೆ ರಂಧ್ರದಲ್ಲೇ ಹೆಪ್ಪುಗಟ್ಟುತ್ತದೆ. ರಂಧ್ರದಿಂದ ನೀರಿಗೆ ನಾಲ್ಕೈದು ಇಂಚು ಅಂತರ ಸಾಕು, ಹೆಚ್ಚಿಸಿದರೆ ಹನಿ ನೀರಿಗೆ ಬಡಿದು ಬಿಲ್ಲೆಯಾಗುತ್ತದೆ.

ಈ ನಡುವೆ ತವರವನ್ನೂ ಬಿಟ್ಟು ನೋಡಿದೆ. 232 ಡಿಗ್ರಿಗೇ ಕರಗುವುದರಿಂದ ಸುಲಭವೆಂದುಕೊಂಡಿದ್ದೆ, ಕಾಳಿಗೆಲ್ಲ ಬಾಲ ಬಂತು. ಬೆಳ್ಳಿ ಕರಗಿದಾಗ ತನ್ನ ಗಾತ್ರದ ಸುಮಾರು ಇಪ್ಪತ್ತು ಪಟ್ಟು ಆಮ್ಲಜನಕವನ್ನು ಹೀರುವುದರಿಂದ ಅದನ್ನು ಇದ್ದಿಲಿನ ಮುಚ್ಚಿಗೆಯಿಲ್ಲದೆ ಮುಟ್ಟುವುದಿಲ್ಲ.

ಈಗ ಪ್ರತಿ ಸಲವೂ ಹಿಡಿ ಕಾಳನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿ ಸಾಂದ್ರತೆ ನೋಡುತ್ತೇನೆ. ಕಳೆದ ಸಲ 8.9ರ ಮೇಲೆ ಬಂತು, ಅಂದರೆ ಒಳಗೆ ಪೊಳ್ಳು ಉಳಿದಿಲ್ಲ. ಆ ಹಿರಿಯರಲ್ಲಿ ಒಬ್ಬರು ತಾವೇ ಮತ್ತೆ ತೂಗಿ ನೋಡಿ, ಮೂಸೆಯ ರಂಧ್ರದ ಅಳತೆ ಬರೆದುಕೊಂಡು ಹೋದರು.