ಮನೆಯಿಂದ ಕೆಲಸ ಮಾಡುವವರು ಕಂಪನಿಯ ಮೂಲಕ ಗ್ರೀನ್ ಕಾರ್ಡ್ ಪಡೆಯುವ ಬಗೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಅಮೆರಿಕಕ್ಕೆ ಹೋದ ಸಾಫ್ಟ್‌ವೇರ್ ಉದ್ಯೋಗಿಗಳಲ್ಲಿ ಎರಡು ಬಗೆಯವರು ಕಂಪನಿ ಪ್ರಾಯೋಜಿಸುವ ಗ್ರೀನ್ ಕಾರ್ಡ್ ಬಗ್ಗೆ, ಮನೆಯಿಂದ ಕೆಲಸ ಮಾಡಿದರೂ ಅದು ಸಿಗುತ್ತದೆಯೇ ಎಂಬ ಒಂದೇ ಸಂದೇಹವನ್ನು ಇಟ್ಟುಕೊಂಡಿರುತ್ತಾರೆ. ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿ ಅಲ್ಲಿಯೇ ಇದ್ದು, ಕಚೇರಿಗೆ ಹೋಗದೆ ಬಾಡಿಗೆ ಮನೆಯಿಂದಲೇ ಕೆಲಸ ಮಾಡುವವರು ಮೊದಲನೆಯವರು. ತಂದೆತಾಯಿಯ ಆರೋಗ್ಯಕ್ಕೋ ತೋಟದ ಜವಾಬ್ದಾರಿಗೋ ಊರಿಗೆ ಬಂದು, ಅದೇ ಕಂಪನಿಯ ಕೆಲಸವನ್ನು ಬೇಲೂರಿನಿಂದಲೋ ಮೂಡಿಗೆರೆಯಿಂದಲೋ ಮುಂದುವರಿಸಿರುವವರು ಎರಡನೆಯವರು. ಇಬ್ಬರಿಗೂ ದಾರಿ ಮುಚ್ಚಿಲ್ಲ. ಆದರೆ ಈ ಪ್ರಕ್ರಿಯೆ ಕೆಲಸದ ಸ್ಥಳ ಎಂಬ ಒಂದು ಅಂಶದ ಮೇಲೆ ನಿಂತಿರುವುದರಿಂದ, ಅರ್ಜಿಯಲ್ಲಿ ಯಾವ ವಿಳಾಸ ಬರಬೇಕು ಎಂಬುದನ್ನು ಕಂಪನಿ ಮತ್ತು ಅದರ ವಕೀಲರ ಜೊತೆ ಮೊದಲೇ ಲಿಖಿತವಾಗಿ ತೀರ್ಮಾನಿಸಿಕೊಳ್ಳಬೇಕು.

ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ನಲ್ಲಿ ಸಾಮಾನ್ಯ ಉದ್ಯೋಗಿಗಳಿಗೆ ಅನ್ವಯಿಸುವ ಇಬಿ-2 ಮತ್ತು ಇಬಿ-3 ವರ್ಗಗಳಲ್ಲಿ ಮೂರು ಹಂತಗಳಿವೆ. ಆ ಹುದ್ದೆಗೆ ಅರ್ಹ ಅಭ್ಯರ್ಥಿ ಅಮೆರಿಕದಲ್ಲೇ ಸಿಗಲಿಲ್ಲ ಎಂದು ಅಲ್ಲಿನ ಕಾರ್ಮಿಕ ಇಲಾಖೆ ನೀಡುವ ಲೇಬರ್ ಸರ್ಟಿಫಿಕೇಷನ್, ಅಂದರೆ ಎಲ್ಲರೂ 'ಪರ್ಮ್' ಎನ್ನುವುದು, ಮೊದಲನೆಯದು. ನಿಮ್ಮನ್ನು ಕಾಯಂ ವಲಸೆ ಉದ್ಯೋಗಿಯಾಗಿ ಪರಿಗಣಿಸಿ ಎಂದು ಕಂಪನಿ ಸಲ್ಲಿಸುವ ಐ-140 ಅರ್ಜಿ ಎರಡನೆಯದು. ಅಮೆರಿಕದಲ್ಲಿದ್ದರೆ ಕಾಯಂ ವಾಸಕ್ಕಾಗಿ ನೀವೇ ಸಲ್ಲಿಸುವ ಐ-485 ಅರ್ಜಿ, ಹೊರಗಿದ್ದರೆ ದೂತಾವಾಸದ ಸಂದರ್ಶನ ಕೊನೆಯದು. ವಿಳಾಸದ ತೊಡಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೊದಲ ಹಂತದಲ್ಲೇ. ಆ ಹುದ್ದೆಗೆ ಕನಿಷ್ಠ ಎಷ್ಟು ಸಂಬಳ ಕೊಡಬೇಕೆಂಬುದನ್ನು ಇಲಾಖೆ ಹುದ್ದೆಯ ಸ್ವರೂಪದ ಜೊತೆಗೆ ಪ್ರದೇಶವನ್ನೂ ನೋಡಿ ನಿಗದಿ ಮಾಡುತ್ತದೆ. ಸ್ಯಾನ್ ಹೋಸೆಯಲ್ಲಿ ನಿಗದಿಯಾಗುವ ಮೊತ್ತವೇ ಬೇರೆ, ಟೆಕ್ಸಾಸ್‌ನ ಸಣ್ಣ ಊರಿನದೇ ಬೇರೆ.

ಹುದ್ದೆಯನ್ನು ನಿಮ್ಮ ಈಗಿನ ಮನೆಯ ವಿಳಾಸಕ್ಕೆ ಕಟ್ಟಿಹಾಕಿದರೆ ಸಂಬಳ, ಜಾಹೀರಾತು ಎಲ್ಲವೂ ಆ ಪ್ರದೇಶಕ್ಕೆ ಸೇರುತ್ತವೆ, ಮತ್ತು ಗ್ರೀನ್ ಕಾರ್ಡ್ ಬರುವ ಮೊದಲು ನೀವು ದೂರದ ಇನ್ನೊಂದು ನಗರಕ್ಕೆ ಮನೆ ಬದಲಿಸಿದರೆ ಪರ್ಮ್ ಅನ್ನು ಹೊಸದಾಗಿ ಮಾಡಬೇಕಾಗಬಹುದು. ಅಮೆರಿಕದ ಯಾವ ಊರಿನಿಂದಲಾದರೂ ಕೆಲಸ ಮಾಡಬಹುದಾದ ಹುದ್ದೆಯಾಗಿದ್ದರೆ, ಕಂಪನಿಯ ಮುಖ್ಯ ಕಚೇರಿಯ ವಿಳಾಸವನ್ನೇ ಆಧಾರವಾಗಿ ತೋರಿಸುವ ರೂಢಿ ಇದೆ. ನಿಜಕ್ಕೂ ಅಂಥ ಹುದ್ದೆಯೇ ಆಗಿದ್ದಲ್ಲಿ ಈ ಎರಡನೆಯ ರೀತಿಯನ್ನೇ ಕೇಳಿ ಪಡೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ದಶಕಗಟ್ಟಲೆ ಕಾಯುವ ಭಾರತೀಯರು ಅಷ್ಟು ಕಾಲ ಒಂದೇ ಮನೆಯಲ್ಲಿ ಇರುವುದು ಅಪರೂಪ. ಮುಖ್ಯ ಕಚೇರಿ ದುಬಾರಿ ನಗರದಲ್ಲಿದ್ದರೆ ನಿಗದಿಯಾಗುವ ಸಂಬಳವೂ ಹೆಚ್ಚಿರುತ್ತದೆ ಎಂಬ ಕಾರಣಕ್ಕೆ ಕೆಲವು ಕಂಪನಿಗಳು ಹಿಂಜರಿಯುತ್ತವೆ.

ಪರ್ಮ್‌ಗಾಗಿ ಕಂಪನಿ ಆ ಹುದ್ದೆಗೆ ಕೊಡಬೇಕಾದ ಜಾಹೀರಾತಿನ ವಿಷಯದಲ್ಲಿಯೂ ಎಚ್ಚರ ಬೇಕು. ಪದವೀಧರರ ಹುದ್ದೆಗೆ ಎರಡು ಭಾನುವಾರದ ಪತ್ರಿಕಾ ಪ್ರಕಟಣೆ, ರಾಜ್ಯದ ಉದ್ಯೋಗ ಸಂಸ್ಥೆಯಲ್ಲಿ 30 ದಿನಗಳ ಪ್ರಕಟಣೆ, ಇವುಗಳ ಜೊತೆಗೆ ಇನ್ನೂ ಮೂರು ಬಗೆಯ ಪ್ರಚಾರ ಮತ್ತು ಕಂಪನಿಯೊಳಗೆ ಸತತ 10 ಕೆಲಸದ ದಿನಗಳ ಸೂಚನಾಪತ್ರ ಕಡ್ಡಾಯ. ಮನೆಯಿಂದ ಕೆಲಸ ಮಾಡುವ ಸೌಲಭ್ಯ ನಿಮಗೆ ಇದ್ದು ಜಾಹೀರಾತಿನಲ್ಲಿ ಅದರ ಉಲ್ಲೇಖವೇ ಇಲ್ಲದಿದ್ದರೆ, ಅಲ್ಲಿನ ಅಭ್ಯರ್ಥಿಗಳಿಗೆ ಕಡಿಮೆ ಅನುಕೂಲದ ಷರತ್ತು ಒಡ್ಡಲಾಯಿತೆಂದು ಅರ್ಜಿ ತಿರಸ್ಕೃತವಾಗುವ ಸಾಧ್ಯತೆ ಇದೆ. ಪರ್ಮ್ ಹಂತದ ಜಾಹೀರಾತು ಮತ್ತು ವಕೀಲರ ಶುಲ್ಕವನ್ನು 2007ರ ನಿಯಮದ ಪ್ರಕಾರ ಕಂಪನಿಯೇ ಭರಿಸಬೇಕು. ಸಂಬಳದಿಂದ ಕಂತಿನಲ್ಲಿ ಮುರಿದುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ.

ಅಮೆರಿಕದಲ್ಲಿ ಎಚ್-1ಬಿ ಮೇಲೆ ಇರುವವರು ಇದರೊಂದಿಗೆ ಬೆರೆಸಬಾರದ ಇನ್ನೊಂದು ನಿಯಮವಿದೆ. ವಲಸೆ ಇಲಾಖೆಯ ಮೇಲ್ಮನವಿ ಕಚೇರಿ ಕೊಟ್ಟ 2015ರ ಸಿಮಿಯೊ ತೀರ್ಪಿನ ನಂತರ, ಮನೆಯೇ ಕೆಲಸದ ಸ್ಥಳವಾಗಿದ್ದು ಅದು ಬೇರೆ ಮಹಾನಗರ ಪ್ರದೇಶಕ್ಕೆ ಬದಲಾದರೆ, ಸ್ಥಳಾಂತರಕ್ಕೆ ಮೊದಲೇ ಕಂಪನಿ ಎಚ್-1ಬಿಯ ತಿದ್ದುಪಡಿ ಅರ್ಜಿ ಸಲ್ಲಿಸಬೇಕು. ಸಾಮಾನು ಕಟ್ಟುವ ಮೊದಲು ಎಚ್‌ಆರ್ ವಿಭಾಗಕ್ಕೆ ಇಮೇಲ್ ಕಳಿಸಿ.

ಇನ್ನು ಊರಿನಿಂದ ಕೆಲಸ ಮಾಡುವವರ ವಿಷಯ. ಪರ್ಮ್ ಎಂಬುದು ಮುಂದೆ ಅಮೆರಿಕದಲ್ಲಿ ಮಾಡಲಿರುವ ಕೆಲಸಕ್ಕೆ ಸಂಬಂಧಿಸಿದ್ದರಿಂದ, ಅರ್ಜಿಯ ಕಾಲದಲ್ಲಿ ನೀವು ಸಕಲೇಶಪುರದಲ್ಲಿದ್ದರೂ ಅಡ್ಡಿಯಿಲ್ಲ. ಆದರೆ ಸಕಲೇಶಪುರದ ಮನೆಯನ್ನು ಕೆಲಸದ ಸ್ಥಳವೆಂದು ತೋರಿಸುವಂತಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ನಿಮ್ಮನ್ನು ಅಲ್ಲಿ ನೇಮಿಸಿಕೊಳ್ಳುವ ನಿಜವಾದ ಉದ್ದೇಶ ಕಂಪನಿಗೂ, ಅಲ್ಲಿಗೆ ಹೋಗುವ ಉದ್ದೇಶ ನಿಮಗೂ ಇರಬೇಕು. ಭಾರತದಲ್ಲಿ ಕಳೆದ ದಿನಗಳು ಎಚ್-1ಬಿಯ ಆರು ವರ್ಷಗಳ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಪ್ರಯಾಣದ ದಾಖಲೆಗಳನ್ನು ಜೋಪಾನ ಮಾಡಿಡಿ.

ಸರದಿಯ ಮಾತು ಎಲ್ಲರಿಗೂ ಗೊತ್ತಿರುವುದೇ. ಉದ್ಯೋಗ ಆಧಾರಿತ ವರ್ಗಗಳಿಗೆಲ್ಲ ಸೇರಿ ವರ್ಷಕ್ಕೆ ಸುಮಾರು 1,40,000 ವೀಸಾ, ಒಂದು ದೇಶಕ್ಕೆ ಶೇ. 7ರ ಮಿತಿ. ಪರ್ಮ್ ಸಲ್ಲಿಸಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ಸರದಿಯಲ್ಲಿ ನಿಮ್ಮ ಜಾಗ ಗೊತ್ತುಮಾಡುವ ದಿನಾಂಕ, ಆಗುವುದರಿಂದ ತಡಮಾಡಿ ಲಾಭವಿಲ್ಲ. ಪರ್ಮ್ ಮಂಜೂರಾದ 180 ದಿನಗಳೊಳಗೆ ಐ-140 ಸಲ್ಲಿಸಬೇಕು; ಐ-140 ಮಂಜೂರಾದ ಮೇಲೆ ಕಂಪನಿ ಅದನ್ನು ಹಿಂಪಡೆದರೂ ಪ್ರಯಾರಿಟಿ ಡೇಟ್ ಸಾಮಾನ್ಯವಾಗಿ ನಿಮ್ಮದಾಗಿಯೇ ಉಳಿಯುತ್ತದೆ. ಪತಿ ಅಥವಾ ಪತ್ನಿ ಬೇರೆ ದೇಶದಲ್ಲಿ ಹುಟ್ಟಿದವರಾಗಿದ್ದರೆ ಆ ದೇಶದ ಸರದಿಯನ್ನು ಬಳಸಿಕೊಳ್ಳಬಹುದು. ಪೌರತ್ವ ಇಲ್ಲಿ ಲೆಕ್ಕಕ್ಕಿಲ್ಲ. ಹುಟ್ಟಿದ ದೇಶವೇ ಲೆಕ್ಕ.

ಕಾಯುವ ಈ ವರ್ಷಗಳಲ್ಲಿ ಊರಿನಲ್ಲಿ ಮಾಡಿ ಮುಗಿಸಬೇಕಾದ ಕೆಲಸವೆಂದರೆ ದಾಖಲೆಗಳದ್ದು. ಹಳ್ಳಿಯ ಮನೆಯಲ್ಲಿ ಹುಟ್ಟಿದ ಹಲವರ ಜನನ ನೋಂದಣಿ ಆಗಿಯೇ ಇರುವುದಿಲ್ಲ, ಆಗಿದ್ದರೂ ಹೆಸರಿನ ಜಾಗ ಖಾಲಿ ಇರುತ್ತದೆ. ಹೆಸರು ಸೇರಿಸಲು ನೋಂದಣಿಯಾದ ಕಚೇರಿಯಲ್ಲಿಯೇ ಅರ್ಜಿ ಕೊಡಬೇಕು. ನೋಂದಣಿಯೇ ಸಿಗದಿದ್ದರೆ ಅಲಭ್ಯತಾ ಪ್ರಮಾಣಪತ್ರ ಪಡೆದು, ಅದರೊಂದಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ನಿಮ್ಮ ಹುಟ್ಟನ್ನು ಬಲ್ಲ ತಂದೆತಾಯಿ ಅಥವಾ ಹಿರಿಯ ಬಂಧುಗಳ ಅಫಿಡವಿಟ್ ಅನ್ನೂ ಸಿದ್ಧಪಡಿಸಿಕೊಳ್ಳಬೇಕು. ಹಿರಿಯರು ಗಟ್ಟಿಯಾಗಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪದವಿ ಪತ್ರದಲ್ಲಿ ಊರಿನ ಹೆಸರೂ ಸೇರಿ ಒಬ್ಬರೇ ಮೂವರಂತೆ ಕಾಣುವುದು ನಮ್ಮ ಕಡೆ ತೀರಾ ಸಾಮಾನ್ಯ. ಇವೆಲ್ಲ ಒಬ್ಬರದೇ ಹೆಸರು ಎನ್ನುವ ಅಫಿಡವಿಟ್ ಮಾಡಿಸಿಡಿ. ಹಳೆಯ ಕಂಪನಿಗಳಿಂದ ತಾರೀಖು, ಪೂರ್ಣಾವಧಿ ಕೆಲಸ ಮತ್ತು ಮಾಡಿದ ಕೆಲಸದ ವಿವರ ಇರುವ ಅನುಭವ ಪತ್ರ ಬೇಕು. ಬಿಇ ಪದವಿಯ ನಂತರ ಐದು ವರ್ಷಗಳ ಅನುಭವ ತೋರಿಸಿ ಇಬಿ-2ಕ್ಕೆ ಹೋಗುವವರಿಗೆ ಈ ಪತ್ರವೇ ಆಧಾರ. ಪೊಲೀಸ್ ಕ್ಲಿಯರೆನ್ಸ್ ಅನ್ನು ಮಾತ್ರ ಮೊದಲೇ ಮಾಡಿಸಬೇಡಿ, ಅದರ ಅವಧಿ ಮುಗಿದುಹೋಗುತ್ತದೆ. ಮುಂಬೈ ದೂತಾವಾಸದ ಸಂದರ್ಶನ ಹತ್ತಿರವಾದಾಗ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಸಾಕು.

ಕಾರ್ಡ್ ಕೈಗೆ ಬಂದ ಮೇಲೆ ಮತ್ತೆ ಊರಿಗೆ ಬಂದು ತೋಟದ ಮನೆಯಿಂದಲೇ ಕೆಲಸ ಮುಂದುವರಿಸುವ ಯೋಚನೆ ಇದ್ದರೆ, ಈ ಅರ್ಜಿಯ ಗೋಜಿಗೆ ಹೋಗದಿರುವುದೇ ಸರಿ. ಗ್ರೀನ್ ಕಾರ್ಡ್ ವಾಸದ ಹಕ್ಕು. ವಾಸ ಅಲ್ಲಿಯೇ ಇರಬೇಕು. ಆರು ತಿಂಗಳಿಗೆ ಮೀರಿದ ಗೈರುಹಾಜರಿ ವಿಮಾನ ನಿಲ್ದಾಣದಲ್ಲಿ ಪ್ರಶ್ನೆಗಳಿಗೆ ಕಾರಣವಾಗುತ್ತದೆ, ಒಂದು ವರ್ಷ ಮೀರಿದರೆ ಕಾರ್ಡ್ ಒಂದರಿಂದಲೇ ಒಳಗೆ ಹೋಗಲಾಗದು. ಮನೆಯ ತುರ್ತಿಗಾಗಿ ದೀರ್ಘಕಾಲ ಬರಲೇಬೇಕಾದವರು ಐ-131 ನಮೂನೆಯಲ್ಲಿ ಮರುಪ್ರವೇಶ ಪರವಾನಗಿಗೆ ಅಮೆರಿಕದಲ್ಲಿ ಇರುವಾಗಲೇ ಅರ್ಜಿ ಸಲ್ಲಿಸಬೇಕು; ಅದು ಸಾಮಾನ್ಯವಾಗಿ ಎರಡು ವರ್ಷಗಳವರೆಗೆ ಸಿಗುತ್ತದೆ, ಹಾಸನಕ್ಕೆ ಬಂದ ಮೇಲೆ ಇಲ್ಲಿಂದ ಅರ್ಜಿ ಹಾಕಲು ಅವಕಾಶವಿಲ್ಲ.